ಆರು ತಿಂಗಳಿಗೆ ಬರುವ ಯಜಮಾನ: ಹಂಗಾಮಿ ಮುಖ್ಯಸ್ಥರು ಅಂದರೆ ಯಾರು?

2019ರ ಜುಲೈ 31. ಕೆಫೆ ಕಾಫಿ ಡೇ ಕಟ್ಟಿದ ವಿ.ಜಿ. ಸಿದ್ಧಾರ್ಥ ಅವರ ಮೃತದೇಹ ನೇತ್ರಾವತಿ ನದಿಯಲ್ಲಿ ಸಿಕ್ಕ ದಿನ. ರಾಜ್ಯಕ್ಕೆ ರಾಜ್ಯವೇ ಟಿವಿ ಮುಂದೆ ಕೂತಿತ್ತು. ಅದೇ ದಿನ ಕಾಫಿ ಡೇ ಎಂಟರ್‌ಪ್ರೈಸಸ್‌ನ ನಿರ್ದೇಶಕ ಮಂಡಳಿಯೂ ಸಭೆ ಸೇರಿತು. ಅಂಥ ದುಃಖದ ಹೊತ್ತಿನಲ್ಲಿ ಸಭೆ ಯಾಕೆ ಅನ್ನಿಸಬಹುದು. ಆದರೆ ನೌಕರರ ಸಂಬಳ, ಬ್ಯಾಂಕಿನ ಕಂತು, ಹಾಲು ಹಾಕುವವರ ಬಿಲ್ಲು ಇವೆಲ್ಲ ತಿಥಿ ಮುಗಿಯುವ ತನಕ ಕಾಯುವುದಿಲ್ಲ. ಕಾಗದ ಬಂದರೆ ಸಹಿ ಹಾಕಲು ಯಾರಾದರೂ ಒಬ್ಬರು ಇರಬೇಕು.

ಮಂಡಳಿಯಲ್ಲಿ ಅದಾಗಲೇ ಸ್ವತಂತ್ರ ನಿರ್ದೇಶಕರಾಗಿದ್ದ ಎಸ್.ವಿ. ರಂಗನಾಥ್ ಅವರನ್ನು ಅಂದು ಹಂಗಾಮಿ ಅಧ್ಯಕ್ಷರನ್ನಾಗಿ ಮಾಡಿದರು. ಇವರು ಕರ್ನಾಟಕ ಸರ್ಕಾರದ ಮುಖ್ಯ ಕಾರ್ಯದರ್ಶಿಯಾಗಿ ನಿವೃತ್ತರಾದವರು. ಮುಂದಿನ ತಿಂಗಳುಗಳಲ್ಲಿ ಮೈಸೂರು ರಸ್ತೆಯ ಗ್ಲೋಬಲ್ ವಿಲೇಜ್ ಟೆಕ್ ಪಾರ್ಕನ್ನು ಅಮೆರಿಕದ ಹೂಡಿಕೆ ಕಂಪನಿ ಬ್ಲ್ಯಾಕ್‌ಸ್ಟೋನ್‌ಗೆ ಮಾರಿ ಸಾಲ ಇಳಿಸುವ ಕೆಲಸ ನಡೆಯಿತು. ಸಿದ್ಧಾರ್ಥ ಅವರ ಪತ್ನಿ ಮಾಳವಿಕಾ ಹೆಗ್ಡೆ ಸಿಇಒ ಆಗಿದ್ದು 2020ರ ಡಿಸೆಂಬರ್‌ನಲ್ಲಿ.

'ಹಂಗಾಮಿ ಸಿಇಒ ನೇಮಕ' ಅನ್ನುವ ಸುದ್ದಿ ಈಗ ಆಗಾಗ ಕಾಣುತ್ತದೆ. ಮೊದಲಾದರೆ ಪುಟ ತಿರುಗಿಸಿ ಮುಂದೆ ಹೋಗುತ್ತಿದ್ದೆವು. ಈಗ ಆ ಕಂಪನಿಯ ನಾಲ್ಕು ಷೇರು ನಮ್ಮ ಡಿಮ್ಯಾಟ್‌ನಲ್ಲಿ ಇರುತ್ತದೆ, ಇಲ್ಲವೇ ಮಗಳು ಅಲ್ಲೇ ಕೆಲಸದಲ್ಲಿ ಇರುತ್ತಾಳೆ. ಹಾಗಾಗಿ ಈ ಹಂಗಾಮಿ ಅಂದರೆ ಏನು, ಅವರು ಎಲ್ಲಿಂದ ಬರುತ್ತಾರೆ, ಎಷ್ಟು ದಿನ ಇರುತ್ತಾರೆ, ನೋಡೋಣ.

ಮೊದಲು ಪದ

ಹಂಗಾಮು ಅಂದರೆ ರೈತರ ಬಾಯಲ್ಲಿ ಬೆಳೆಯ ಕಾಲ. ಮುಂಗಾರು ಹಂಗಾಮು, ಕಬ್ಬು ಅರೆಯುವ ಹಂಗಾಮು ಅಂತೆಲ್ಲ ಕೇಳಿರುತ್ತೀರಿ. ಹಂಗಾಮಿ ಅಂದರೆ ಆ ಹೊತ್ತಿಗಷ್ಟೇ ಇರುವುದು. ಇಂಗ್ಲಿಷಿನ 'ಇಂಟರಿಮ್' ಪದಕ್ಕೆ ಇದಕ್ಕಿಂತ ಒಳ್ಳೆ ಪದ ಹುಡುಕುವ ಅಗತ್ಯವೇ ಇಲ್ಲ.

ಹಂಗಾಮಿಯಾಗಿ ಬರುವವರು ಎರಡು ಥರ. ಮನೆಯವರೇ ಒಬ್ಬರು ಕೂರುವುದು ಒಂದು. 2017ರ ಆಗಸ್ಟ್ 18ರಂದು ವಿಶಾಲ್ ಸಿಕ್ಕಾ ಇನ್ಫೋಸಿಸ್ ಬಿಟ್ಟಾಗ, ಅಲ್ಲೇ ಸಿಒಒ (ದಿನನಿತ್ಯದ ಕೆಲಸ ನೋಡುವ ಮುಖ್ಯಸ್ಥ) ಆಗಿದ್ದ ಯು.ಬಿ. ಪ್ರವೀಣ್ ರಾವ್ ಹಂಗಾಮಿ ಸಿಇಒ ಆದರು. 2018ರ ಜನವರಿ 2ರಂದು ಸಲೀಲ್ ಪಾರೇಖ್ ಬಂದು ಅಧಿಕಾರ ವಹಿಸಿಕೊಂಡರು. ನಡುವೆ ನಾಲ್ಕೂವರೆ ತಿಂಗಳು.

ಇನ್ನೊಂದು, ಹೊರಗಿನವರನ್ನು ದುಡ್ಡು ಕೊಟ್ಟು ಇಷ್ಟು ತಿಂಗಳಿಗೆ ಅಂತ ಕರೆಸುವುದು. ಕಂಪನಿಗಳು ನಡೆಸಿ ಅನುಭವ ಇರುವವರು, ಬಹಳ ಸಲ ನಿವೃತ್ತರು ಅಥವಾ ನೌಕರಿ ಬಿಟ್ಟು ಇದನ್ನೇ ಕಸುಬು ಮಾಡಿಕೊಂಡವರು. ಯುರೋಪಿನಲ್ಲಿ ಇದೊಂದು ದೊಡ್ಡ ಕಸುಬೇ ಆಗಿದೆ. ನೆದರ್‌ಲ್ಯಾಂಡ್ಸ್‌ನಲ್ಲಿ 1970ರ ದಶಕದಲ್ಲಿ ಶುರುವಾಯಿತು ಅನ್ನುತ್ತಾರೆ. ಅಲ್ಲಿ ಕಾಯಂ ನೌಕರರನ್ನು ತೆಗೆಯುವುದು ಕಷ್ಟ, ಖರ್ಚೂ ಜಾಸ್ತಿ. ಹಾಗಾಗಿ ಸ್ವಲ್ಪ ಕಾಲದ ಕೆಲಸಕ್ಕೆ ಸ್ವಲ್ಪ ಕಾಲದ ಮ್ಯಾನೇಜರ್ ಅನ್ನುವ ದಾರಿ ಹುಡುಕಿಕೊಂಡರು. ಈ ಲೇಖನದಲ್ಲಿ ಹೆಚ್ಚು ಮಾತಾಡುವುದು ಈ ಎರಡನೇ ಥರದವರ ಬಗ್ಗೆ.

ಆಕ್ಟಿಂಗ್ ಡ್ರೈವರ್ ಲೆಕ್ಕ

ಬೆಂಗಳೂರಿನಲ್ಲಿ ಕಾರು ಇಟ್ಟುಕೊಂಡವರಿಗೆ ಆಕ್ಟಿಂಗ್ ಡ್ರೈವರ್ ಗೊತ್ತು. ಧರ್ಮಸ್ಥಳಕ್ಕೆ ಹೋಗಬೇಕು, ಮನೆಯ ಡ್ರೈವರ್ ಊರಿಗೆ ಹೋಗಿದ್ದಾನೆ. ಒಂದು ಫೋನ್ ಮಾಡಿದರೆ ಒಬ್ಬರು ಬರುತ್ತಾರೆ. ದಿನದ ಲೆಕ್ಕದಲ್ಲಿ ದುಡ್ಡು. ಶಿರಾಡಿ ಘಾಟಿ ಅವರಿಗೆ ನಿದ್ದೆಗಣ್ಣಲ್ಲೂ ಗೊತ್ತು, ನಿಮ್ಮ ಕಾರಿನ ಕ್ಲಚ್ ಮಾತ್ರ ಗೊತ್ತಿಲ್ಲ. ನೀವು ಕೀ ಕೊಡುತ್ತೀರಿ, ಅವರು ಓಡಿಸುತ್ತಾರೆ, ವಾಪಸ್ ಬಂದು ಕೀ ಕೊಟ್ಟು ಹೋಗುತ್ತಾರೆ. ಹೊರಗಿನಿಂದ ಬರುವ ಹಂಗಾಮಿ ಮುಖ್ಯಸ್ಥರು ಅಂದರೆ ಇವರೇ.

ಕನ್ಸಲ್ಟೆಂಟ್ ಅಂದರೆ ಪಕ್ಕದ ಸೀಟಿನಲ್ಲಿ ಕೂತು 'ಹಾಸನ ಬೈಪಾಸ್ ತಗೊಳ್ಳಿ' ಅನ್ನುವವರು. ದಾರಿ ಹೇಳುತ್ತಾರೆ, ಸ್ಟೀರಿಂಗ್ ಮುಟ್ಟುವುದಿಲ್ಲ. ವರದಿ ಕೊಟ್ಟ ಮೇಲೆ ಅದರಂತೆ ನಡೆಯುವುದು ಬಿಡುವುದು ಕಂಪನಿಗೆ ಬಿಟ್ಟದ್ದು.

ಸರ್ಕಾರಿ ಕಚೇರಿಗಳಲ್ಲಿ ಪ್ರಭಾರ ಅನ್ನುತ್ತಾರಲ್ಲ, ಇನ್‌ಚಾರ್ಜ್, ಅದು ಮೂರನೆಯದು. ಒಂದು ತಾಲ್ಲೂಕಿನ ತಹಶೀಲ್ದಾರರೇ ಪಕ್ಕದ ತಾಲ್ಲೂಕನ್ನೂ ನೋಡಿಕೊಳ್ಳುವುದು. ನಿಮ್ಮ ಭಾವಮೈದ ಬಂದು ಕಾರು ಓಡಿಸಿದ ಹಾಗೆ. ಓಡಿಸುತ್ತಾನೆ, ಆದರೆ ಮನಸ್ಸೆಲ್ಲ ಹತ್ತು ಗಂಟೆಗೆ ತೆಗೆಯಬೇಕಾದ ತನ್ನ ಅಂಗಡಿಯ ಮೇಲೆ.

ಮೂವರಲ್ಲಿ ಯಾರು ಯಾರು ಅಂತ ಗೊಂದಲವಾದರೆ ಒಂದೇ ಪ್ರಶ್ನೆ ಸಾಕು: ಸಹಿ ಯಾರದ್ದು? ಕನ್ಸಲ್ಟೆಂಟ್‌ಗೆ ಸಹಿ ಇಲ್ಲ. ಪ್ರಭಾರಿಗೆ ಸಹಿ ಇದೆ, ಸಮಯ ಇಲ್ಲ. ಹಂಗಾಮಿಗೆ ಸಹಿಯೂ ಇದೆ, ಅದರ ಪಕ್ಕದಲ್ಲಿ ಕೊನೆಯ ತಾರೀಖೂ ಇದೆ.

ಹೈದರಾಬಾದಿನ ಐಟಿ ಕಂಪನಿ ಸತ್ಯಂನ ಹಗರಣದಲ್ಲಿ ಈ ವ್ಯತ್ಯಾಸ ಚೆನ್ನಾಗಿ ಕಾಣುತ್ತದೆ. 2009ರ ಜನವರಿ 7ರಂದು ಅದರ ಅಧ್ಯಕ್ಷ ಬಿ. ರಾಮಲಿಂಗ ರಾಜು ಲೆಕ್ಕದಲ್ಲಿ ಮೋಸ ಮಾಡಿದ್ದನ್ನು ಪತ್ರ ಬರೆದು ಒಪ್ಪಿಕೊಂಡರು. ಕೇಂದ್ರ ಸರ್ಕಾರ ಹಳೇ ಮಂಡಳಿಯನ್ನು ತೆಗೆದು ಕಿರಣ್ ಕಾರ್ಣಿಕ್, ದೀಪಕ್ ಪಾರೇಖ್ ಮೊದಲಾದವರ ಹೊಸ ಮಂಡಳಿ ಕೂರಿಸಿತು. ಫೆಬ್ರವರಿ 5ರಂದು ಆ ಮಂಡಳಿ ಕಂಪನಿಯೊಳಗಿನವರೇ ಆದ ಎ.ಎಸ್. ಮೂರ್ತಿ ಅವರನ್ನು ಸಿಇಒ ಮಾಡಿತು. ಜೊತೆಗೆ ಹೊರಗಿನ ಇಬ್ಬರು ಅನುಭವಿಗಳನ್ನು, ಹೋಮಿ ಖುಸ್ರೋಖಾನ್ ಮತ್ತು ಪಾರ್ಥೋ ದತ್ತಾ ಅವರನ್ನು, ವಿಶೇಷ ಸಲಹೆಗಾರರನ್ನಾಗಿ ಕೂರಿಸಿತು. ಅಂದರೆ ಕೀ ಒಳಗಿನವರ ಕೈಯಲ್ಲಿ, ದಾರಿ ಹೇಳುವವರು ಪಕ್ಕದಲ್ಲಿ. ಏಪ್ರಿಲ್ 13ಕ್ಕೆ ಟೆಕ್ ಮಹೀಂದ್ರಾ ಹರಾಜಿನಲ್ಲಿ ಗೆದ್ದಿತು. ನೂರು ದಿನವೂ ಆಗಿರಲಿಲ್ಲ.

ಕುರ್ಚಿ ಯಾಕೆ ಖಾಲಿ ಬೀಳುತ್ತದೆ?

ಸಾವು, ಕಾಯಿಲೆ, ಜಗಳ, ಹಗರಣ ಇವು ಸುದ್ದಿಯಾಗುವ ಕಾರಣಗಳು. ಸುದ್ದಿಯಾಗದ ಕಾರಣಗಳೇ ಜಾಸ್ತಿ. ನಮ್ಮಲ್ಲಿ ಮೇಲಿನ ಹುದ್ದೆಯವರಿಗೆ ಸಾಮಾನ್ಯವಾಗಿ ಮೂರು ತಿಂಗಳ ನೋಟಿಸ್ ಪೀರಿಯಡ್. ಹೋಗುವವರು ಅದರ ದುಡ್ಡು ಕಟ್ಟಿ ಬೇಗ ಹೊರಟುಬಿಡಬಹುದು. ಆದರೆ ಬರಬೇಕಾದವರು ಬಹಳ ಸಲ ತಮ್ಮ ಹಳೇ ಕಂಪನಿಯಲ್ಲಿ ಮೂರು ತಿಂಗಳು ಕಳೆದೇ ಬರುತ್ತಾರೆ. ಅವರನ್ನು ಹುಡುಕುವುದಕ್ಕೆ ಇನ್ನೆರಡು ಮೂರು ತಿಂಗಳು. ಹಾಗಾಗಿ ಯಾರದ್ದೂ ತಪ್ಪಿಲ್ಲದೆ ಕುರ್ಚಿ ಅರ್ಧ ವರ್ಷ ಖಾಲಿ ಇರುತ್ತದೆ.

ಹೆರಿಗೆ ರಜೆ ಇನ್ನೊಂದು ಕಾರಣ. 2017ರಿಂದ ಮೊದಲ ಎರಡು ಮಕ್ಕಳಿಗೆ 26 ವಾರದ ರಜೆ ಕಾನೂನಲ್ಲೇ ಇದೆ. ಮಾರ್ಕೆಟಿಂಗ್ ಮುಖ್ಯಸ್ಥೆ ಆ ರಜೆಗೆ ಹೋದರೆ ಅವರ ಜಾಗಕ್ಕೆ ಕಾಯಂ ಜನ ತೆಗೆದುಕೊಳ್ಳುವಂತಿಲ್ಲ, ಅವರು ವಾಪಸ್ ಬರುತ್ತಾರಲ್ಲ. ಹಂಗಾಮಿ ಅನ್ನುವ ಏರ್ಪಾಡು ಸರಿಯಾಗಿ ಹೊಂದುವುದು ಇಲ್ಲೇ. ಶುರು ಗೊತ್ತು, ಕೊನೆಯೂ ಗೊತ್ತು.

ಪೀಣ್ಯದಲ್ಲಿ ಒಂದು ಕಂಪನಿ ಅಂತ ಇಟ್ಟುಕೊಳ್ಳೋಣ

ಪಂಪಿನ ಬಿಡಿಭಾಗ ಮಾಡುವ ಕಾರ್ಖಾನೆ. 120 ಜನ ಕೆಲಸಕ್ಕಿದ್ದಾರೆ. ಮಾಲೀಕರಿಗೆ ಲೇಥ್ ಮೆಷಿನ್ ಸದ್ದು ಕೇಳಿಯೇ ಬೇರಿಂಗ್ ಸವೆದಿದೆಯಾ ಹೇಳುವಷ್ಟು ಗೊತ್ತು, ಲೆಕ್ಕದ ಸಾಫ್ಟ್‌ವೇರ್ ಟ್ಯಾಲಿ ತೆರೆದರೆ ಮಾತ್ರ ಕಣ್ಣು ಕತ್ತಲೆ. ಹನ್ನೆರಡು ವರ್ಷ ಲೆಕ್ಕ ನೋಡಿಕೊಂಡಿದ್ದ ಫೈನಾನ್ಸ್ ಹೆಡ್ ಪುಣೆಯಲ್ಲಿ ಕೆಲಸ ಸಿಕ್ಕಿ ತಿಂಗಳ ಕೊನೆಗೆ ಹೊರಟುಹೋದರು. ಬರುವ 7ನೇ ತಾರೀಖಿನೊಳಗೆ ಟಿಡಿಎಸ್ (ದುಡ್ಡು ಕೊಡುವಾಗಲೇ ಹಿಡಿದ ತೆರಿಗೆ) ಕಟ್ಟಬೇಕು. 15ಕ್ಕೆ ಪಿಎಫ್, ಇಎಸ್‌ಐ. 20ಕ್ಕೆ ಜಿಎಸ್‌ಟಿ ರಿಟರ್ನ್. ತಡವಾದರೆ ಬಡ್ಡಿ, ದಂಡ.

ಪರಿಚಯದವರ ಮೂಲಕ ಒಬ್ಬ ಮೇಡಂ ಬರುತ್ತಾರೆ. ದೊಡ್ಡ ಕಂಪನಿಯೊಂದರಲ್ಲಿ ಲೆಕ್ಕದ ಮುಖ್ಯಸ್ಥೆಯಾಗಿ ನಿವೃತ್ತರಾದವರು. ಐದು ತಿಂಗಳ ಒಪ್ಪಂದ. ಮೊದಲ ದಿನ ಅಕೌಂಟ್ಸ್ ಹುಡುಗ ಡ್ರಾಯರ್ ತೆಗೆದು ಒಂದು ನೀಲಿ ಯುಎಸ್‌ಬಿ ತೋರಿಸುತ್ತಾನೆ. ರಬ್ಬರ್ ಬ್ಯಾಂಡ್ ಸುತ್ತಿದೆ, ಅದಕ್ಕೆ ಸಿಕ್ಕಿಸಿದ ಚೀಟಿಯಲ್ಲಿ ಪಿನ್ ನಂಬರು. ಹೋದವರ ಡಿಎಸ್‌ಸಿ ಟೋಕನ್, ಅಂದರೆ ಕಂಪ್ಯೂಟರಿನಲ್ಲಿ ಸಹಿ ಹಾಕುವ ಸಾಧನ.

'ಮೇಡಂ, ಈ ತಿಂಗಳು ಇದನ್ನೇ ಹಾಕಿ ಫೈಲ್ ಮಾಡಿಬಿಡ್ಲಾ?'

'ಬೇಡಪ್ಪ. ಅದು ಅವರ ಸಹಿ. ಪುಣೆಯಲ್ಲಿರೋರ ಕೈ ಹಿಡಿದು ಇಲ್ಲಿ ಸಹಿ ಮಾಡಿಸಿದ ಹಾಗಾಗುತ್ತೆ. ಕವರಿಗೆ ಹಾಕಿ ಕೊರಿಯರ್ ಮಾಡು.'

ಡಿಎಸ್‌ಸಿ ವ್ಯಕ್ತಿಯ ಹೆಸರಿನಲ್ಲಿ ಇರುತ್ತದೆ, ಕುರ್ಚಿಯ ಹೆಸರಿನಲ್ಲಿ ಅಲ್ಲ. ಹಾಗಾಗಿ ಮೊದಲು ಆಗಬೇಕಾದ್ದು ಕಾಗದದ ಕೆಲಸ. ನಿರ್ದೇಶಕ ಮಂಡಳಿ ಒಂದು ನಿರ್ಣಯ ಮಾಡಬೇಕು: ಇವರಿಗೆ ಇಂತಿಂಥ ಅಧಿಕಾರ, ಇಂಥ ತಾರೀಖಿನ ತನಕ. ಅದರ ಪ್ರತಿ ಬ್ಯಾಂಕಿಗೆ ಹೋಗಬೇಕು. ಜಿಎಸ್‌ಟಿ ಪೋರ್ಟಲ್‌ನಲ್ಲಿ ಸಹಿದಾರರ ಹೆಸರು ಬದಲಾಗಬೇಕು. ಚೆಕ್ಕಿಗೆ ಮಿತಿಯೂ ಬೇಕು. ಉದಾಹರಣೆಗೆ 2 ಲಕ್ಷದ ತನಕ ಮೇಡಂ ಒಬ್ಬರೇ, ಅದಕ್ಕಿಂತ ಮೇಲೆ ಮಾಲೀಕರ ಸಹಿಯೂ ಸೇರಬೇಕು. ಇಷ್ಟನ್ನು ಮಾಡದೆ 'ಬನ್ನಿ, ನೋಡ್ಕೊಳಿ' ಅಂದರೆ ಬಂದವರು ಹೆಸರಿಗೆ ಹಂಗಾಮಿ ಮುಖ್ಯಸ್ಥೆ, ನಿಜದಲ್ಲಿ ಪಕ್ಕದ ಸೀಟಿನವರು.

ಎರಡನೇ ದಿನ ಮೇಡಂ ಒಂದು ಎಕ್ಸೆಲ್ ಹಾಳೆ ತೆರೆಯುತ್ತಾರೆ. ಅಡ್ಡಕ್ಕೆ 13 ಕಾಲಂ, ಮುಂದಿನ 13 ವಾರ. ಪ್ರತಿ ವಾರ ಎಷ್ಟು ದುಡ್ಡು ಬರುತ್ತದೆ, ಎಷ್ಟು ಹೋಗುತ್ತದೆ, ವಾರದ ಕೊನೆಗೆ ಬ್ಯಾಂಕಿನಲ್ಲಿ ಎಷ್ಟು ಉಳಿಯುತ್ತದೆ. ಕಷ್ಟದಲ್ಲಿರುವ ಕಂಪನಿಗೆ ಹೋಗುವ ಹಂಗಾಮಿಗಳು ಬಹಳ ಸಲ ಮೊದಲು ಬರೆಯುವುದು ಈ ಹಾಳೆಯನ್ನೇ. ಮೂರು ತಿಂಗಳು ಅಂದರೆ 13 ವಾರ, ಅಷ್ಟು ದೂರ ಲೆಕ್ಕ ಹಾಕಿದರೆ ಮುಂದಿನ ಹಳ್ಳ ಕಾಣುತ್ತದೆ ಅನ್ನುವುದು ಯೋಚನೆ. ಇಲ್ಲಿ ಆರನೇ ವಾರದಲ್ಲಿ ಹಳ್ಳ ಕಾಣುತ್ತದೆ. ಆ ವಾರ ಸಂಬಳವೂ ಇದೆ, ಉಕ್ಕಿನವರ ದೊಡ್ಡ ಬಿಲ್ಲೂ ಇದೆ. ದೊಡ್ಡ ಗಿರಾಕಿಯೊಬ್ಬರ ದುಡ್ಡು ಬರುವುದು ಎಂಟನೇ ವಾರಕ್ಕೆ. ಆರನೇ ವಾರದ ಶುಕ್ರವಾರ ಬಾಯಿ ಬಾಯಿ ಬಿಡುವ ಬದಲು ಇವತ್ತೇ ಉಕ್ಕಿನವರಿಗೆ ಫೋನ್ ಮಾಡಿ 'ಅರ್ಧ ಈಗ, ಅರ್ಧ ಎರಡು ವಾರ ಬಿಟ್ಟು' ಅಂತ ಒಪ್ಪಿಸಬಹುದು.

ಇದು ಹನ್ನೆರಡು ವರ್ಷ ಇದ್ದವರಿಗೆ ಯಾಕೆ ಕಾಣಲಿಲ್ಲ ಅಂತ ಕೇಳಬಹುದು. ಅವರಿಗೂ ಗೊತ್ತಿತ್ತು, ಆದರೆ ಎಲ್ಲ ತಲೆಯಲ್ಲೇ ಇತ್ತು. ತಲೆ ಪುಣೆಗೆ ಹೋಯಿತು.

ದುಡ್ಡಿನ ಲೆಕ್ಕ

ಲೆಕ್ಕಕ್ಕೆ ಸುಮ್ನೆ ಒಂದು ಅಂಕಿ ತೆಗೆದುಕೊಳ್ಳೋಣ. ಕಾಯಂ ಫೈನಾನ್ಸ್ ಹೆಡ್‌ಗೆ ವರ್ಷಕ್ಕೆ 36 ಲಕ್ಷ, ಅಂದರೆ ತಿಂಗಳಿಗೆ 3 ಲಕ್ಷ. ಹಂಗಾಮಿಗೆ ದಿನಕ್ಕೆ 25,000, ತಿಂಗಳಲ್ಲಿ 20 ದಿನ, ಒಟ್ಟು 5 ಲಕ್ಷ. ಐದು ತಿಂಗಳಿಗೆ 25 ಲಕ್ಷ. ಮಾಲೀಕರು ಹೌಹಾರುವುದು ಸಹಜ.

ಆದರೆ 5 ಲಕ್ಷದಲ್ಲಿ ಎಲ್ಲ ಬಂತು. ಪಿಎಫ್ ಇಲ್ಲ, ಗ್ರಾಚ್ಯುಟಿ ಇಲ್ಲ, ಬೋನಸ್ ಇಲ್ಲ, ಕೆಲಸ ಮುಗಿದ ಮೇಲೆ ಋಣವೂ ಇಲ್ಲ. ಹಂಗಾಮಿಗಳಿಗೆ ವರ್ಷದ ಹನ್ನೆರಡೂ ತಿಂಗಳು ಕೆಲಸ ಇರುವುದಿಲ್ಲ, ಖಾಲಿ ತಿಂಗಳಿನ ಖರ್ಚನ್ನೂ ಅವರು ಇದರಲ್ಲೇ ನೋಡಿಕೊಳ್ಳಬೇಕು. ಆಕ್ಟಿಂಗ್ ಡ್ರೈವರ್ ದಿನದ ಲೆಕ್ಕದಲ್ಲಿ ಜಾಸ್ತಿ ಕೇಳುವುದೂ ಅದಕ್ಕೇ ಅಲ್ವಾ? ಜಿಎಸ್‌ಟಿ ನೋಂದಣಿ ಇರುವವರಾದರೆ ಬಿಲ್ಲಿನ ಮೇಲೆ ಶೇ. 18 ಜಿಎಸ್‌ಟಿ ಸೇರುತ್ತದೆ. ಸಾಮಾನ್ಯವಾಗಿ ಕಂಪನಿ ಅದನ್ನು ತಾನು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳಬಹುದು. ಅವರ ಫೀಸಿನಲ್ಲಿ ಶೇ. 10 ಟಿಡಿಎಸ್ ಹಿಡಿಯಬೇಕು.

ಕಾನೂನು ಎಷ್ಟು ದಿನ ಕೊಡುತ್ತದೆ?

ಸಣ್ಣ ಪ್ರೈವೇಟ್ ಲಿಮಿಟೆಡ್ ಕಂಪನಿಗೆ ಸಿಇಒ, ಸಿಎಫ್‌ಒ (ಹಣಕಾಸಿನ ಮುಖ್ಯಸ್ಥ) ಇರಲೇಬೇಕು ಅನ್ನುವ ನಿಯಮ ಇಲ್ಲ. ಷೇರು ಮಾರುಕಟ್ಟೆಯಲ್ಲಿರುವ ಕಂಪನಿಗಳಿಗೆ, ಮತ್ತು 10 ಕೋಟಿ ಅಥವಾ ಅದಕ್ಕಿಂತ ಹೆಚ್ಚು ಬಂಡವಾಳದ ಪಬ್ಲಿಕ್ ಕಂಪನಿಗಳಿಗೆ ಇದೆ. 2013ರ ಕಂಪನಿ ಕಾಯ್ದೆಯ ಪ್ರಕಾರ ಇಂಥ ಹುದ್ದೆ ಖಾಲಿಯಾದರೆ ಆರು ತಿಂಗಳಲ್ಲಿ ತುಂಬಬೇಕು. ತುಂಬುವವರು ಪೂರ್ಣಾವಧಿಯವರಾಗಿರಬೇಕು.

ಲಿಸ್ಟೆಡ್ ಕಂಪನಿಗಳಿಗೆ ಷೇರು ಮಾರುಕಟ್ಟೆಯ ನಿಯಂತ್ರಕ ಸೆಬಿ 2023ರಲ್ಲಿ ಇನ್ನೂ ಬಿಗಿ ಮಾಡಿತು. ಸಿಇಒ, ಎಂಡಿ, ಸಿಎಫ್‌ಒ ಹುದ್ದೆಗಳನ್ನು ಸಾಮಾನ್ಯವಾಗಿ ಮೂರು ತಿಂಗಳಲ್ಲಿ ತುಂಬಬೇಕು. ಜೊತೆಗೆ ಇನ್ನೊಂದು ಮಾತು ಸೇರಿಸಿತು: ಹಂಗಾಮಿಯಾಗಿ ಒಬ್ಬರನ್ನು ಕೂರಿಸಿದರೂ ಕಾಯಂ ನೇಮಕಕ್ಕೆ ಇರುವ ಎಲ್ಲ ನಿಯಮ ಪಾಲಿಸಬೇಕು. 'ಸದ್ಯಕ್ಕೆ ಇವರು ಇರಲಿ' ಅಂತ ಯಾರನ್ನೋ ಕೂರಿಸಿ ಕಾಲ ತಳ್ಳುವ ದಾರಿ ಅಲ್ಲಿಗೆ ಮುಚ್ಚಿತು.

ಖಾಸಗಿ ಬ್ಯಾಂಕಾದರೆ ರಿಸರ್ವ್ ಬ್ಯಾಂಕ್ ಒಪ್ಪದೆ ಯಾರೂ ಆ ಕುರ್ಚಿಯಲ್ಲಿ ಕೂರುವಂತಿಲ್ಲ. 2025ರ ಏಪ್ರಿಲ್ 29ರಂದು ಇಂಡಸ್‌ಇಂಡ್ ಬ್ಯಾಂಕಿನ ಸಿಇಒ ರಾಜೀನಾಮೆ ಕೊಟ್ಟಾಗ ಒಬ್ಬ ಹಂಗಾಮಿಯ ಬದಲು ಅಧಿಕಾರಿಗಳ ಒಂದು ಸಮಿತಿಯೇ ಬ್ಯಾಂಕ್ ನಡೆಸಲು ಆರ್‌ಬಿಐ ಒಪ್ಪಿತು. ಆಗಸ್ಟ್‌ನಲ್ಲಿ ರಾಜೀವ್ ಆನಂದ್ ಹೊಸ ಸಿಇಒ ಆಗಿ ಬಂದರು.

ಮುಳುಗಿದ ಮೇಲೆ ಬರುವವರು

ಮಾಲೀಕರು ಕರೆಯದೆಯೂ ಹಂಗಾಮಿ ಬರುವುದುಂಟು. ಕಂಪನಿ ಸಾಲ ತೀರಿಸದೆ ಇದ್ದಾಗ 2016ರ ದಿವಾಳಿ ಸಂಹಿತೆಯಡಿ ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿ ಒಬ್ಬ 'ಇಂಟರಿಮ್ ರೆಸಲ್ಯೂಷನ್ ಪ್ರೊಫೆಷನಲ್' ಅನ್ನು ನೇಮಿಸುತ್ತದೆ. ಅವರು ಬಂದ ದಿನದಿಂದ ನಿರ್ದೇಶಕ ಮಂಡಳಿಯ ಅಧಿಕಾರ ಅಮಾನತು. ಬ್ಯಾಂಕ್ ಖಾತೆಗಳು ಅವರು ಹೇಳಿದಂತೆ ನಡೆಯಬೇಕು. 2019ರ ಜೂನ್‌ನಲ್ಲಿ ಜೆಟ್ ಏರ್‌ವೇಸ್‌ಗೆ ಹೀಗಾಯಿತು. 2024ರ ಜುಲೈನಲ್ಲಿ ಬೆಂಗಳೂರು ಪೀಠದ ಆದೇಶದಿಂದ ಬೈಜೂಸ್‌ಗೂ ಆಯಿತು. ಈ ಪ್ರಕ್ರಿಯೆಗೆ ಕಾನೂನು ಕೊಟ್ಟಿರುವ ಗಡುವು 180 ದಿನ, ಬೇಕಾದರೆ ಇನ್ನು 90 ದಿನ, ಕೋರ್ಟಿನ ವ್ಯಾಜ್ಯ ಸೇರಿ ಒಟ್ಟು 330 ದಿನ. ಗಡುವು ಮೀರಿದ ಕೇಸುಗಳೇನೂ ಕಮ್ಮಿ ಇಲ್ಲ.

ಅಮೆರಿಕದಲ್ಲಿ ಇದನ್ನೇ ಕಸುಬು ಮಾಡಿಕೊಂಡವರಿದ್ದಾರೆ. 2022ರ ನವೆಂಬರ್ 11ರಂದು ಎಫ್‌ಟಿಎಕ್ಸ್ ಅನ್ನುವ ಕ್ರಿಪ್ಟೊ ಕಂಪನಿ ಕುಸಿದಾಗ ಸಿಇಒ ಆಗಿ ಬಂದವರು ಜಾನ್ ರೇ. ಅಮೆರಿಕದ ಇಂಧನ ಕಂಪನಿ ಎನ್ರಾನ್ ಲೆಕ್ಕದ ಮೋಸದಿಂದ ಮುಳುಗಿದ ಮೇಲೆ ಅದರ ಆಸ್ತಿ ವಿಲೇವಾರಿ ನೋಡಿಕೊಂಡಿದ್ದವರು ಇವರೇ. ಫೀಸು ಗಂಟೆಗೆ 1,300 ಡಾಲರ್. ಬಂದು ನೋಡಿದರೆ ಅಲ್ಲಿ ನಂಬುವಂಥ ಲೆಕ್ಕಪತ್ರವೇ ಇರಲಿಲ್ಲ. ಅವರು ಕೋರ್ಟಿಗೆ ಕೊಟ್ಟ ಹೇಳಿಕೆಯಲ್ಲಿ ಒಂದು ವಿಷಯ ಇದೆ. ನೌಕರರು ದುಡ್ಡು ಬೇಕು ಅಂತ ಚಾಟ್‌ನಲ್ಲಿ ಕೇಳುತ್ತಿದ್ದರು, ಮೇಲಿನವರು ಒಂದು ಎಮೋಜಿ ಹಾಕಿ ಮಂಜೂರು ಮಾಡುತ್ತಿದ್ದರು. ಪೀಣ್ಯದ ಡ್ರಾಯರಿನಲ್ಲಿದ್ದ ಪಿನ್ ಚೀಟಿ ಎಷ್ಟೋ ವಾಸಿ.

ಎಲ್ಲಿ ಎಡವುತ್ತಾರೆ?

ಮೊದಲ ತೊಡಕು, ಕೀ ಕೊಟ್ಟ ಮೇಲೂ ಮಾಲೀಕರು ಸ್ಟೀರಿಂಗ್ ಹಿಡಿದುಕೊಂಡೇ ಇರುವುದು. ಕುಟುಂಬದ ಕಂಪನಿಗಳಲ್ಲಿ ಇದು ಮಾಮೂಲು. ಮೇಡಂ ಬೇಡ ಅಂದ ಪೇಮೆಂಟನ್ನು ಅಕೌಂಟ್ಸ್ ಹುಡುಗ ಸಂಜೆ ಮಾಲೀಕರ ಮನೆಗೆ ಹೋಗಿ ಪಾಸ್ ಮಾಡಿಸಿಕೊಂಡು ಬಂದ ಅನ್ನಿ, ಮರುದಿನದಿಂದ ಮೇಡಂ ಮಾತಿಗೆ ಬೆಲೆ ಇಲ್ಲ.

ನೌಕರರ ಮನಸ್ಸು ಇನ್ನೊಂದು. 'ಐದು ತಿಂಗಳಲ್ಲಿ ಹೋಗುವವರು ತಾನೇ' ಅಂತ ಕೆಲವರು ಫೈಲು ಮುಂದೂಡುತ್ತಾರೆ. 'ನಮ್ಮನ್ನು ತೆಗೆಯೋಕೆ ಬಂದಿದ್ದಾರೆ' ಅಂತ ಕೆಲವರು ಹೆದರುತ್ತಾರೆ. ಬಂದವರ ಕೆಲಸ ಏನು, ಏನು ಅಲ್ಲ ಅಂತ ಮೊದಲ ದಿನವೇ ಎಲ್ಲರೆದುರು ಹೇಳಿದರೆ ಅರ್ಧ ಗಾಳಿಮಾತು ನಿಲ್ಲುತ್ತದೆ.

ಎಲ್ಲಕ್ಕಿಂತ ದೊಡ್ಡ ತೊಡಕು, ಹಂಗಾಮು ಮುಗಿಯದೇ ಇರುವುದು. ಕೆಲಸ ನಡೆಯುತ್ತಿದೆ, ಕಾಯಂ ಜನರನ್ನು ಹುಡುಕುವ ಅವಸರ ಯಾರಿಗೂ ಇಲ್ಲ, ಒಪ್ಪಂದ ಮುಂದುವರಿಯುತ್ತಲೇ ಹೋಗುತ್ತದೆ. ಇದು ಖಾಸಗಿ ಕಂಪನಿಗಳಿಗೆ ಮಾತ್ರ ಅಂಟಿದ ರೋಗವಲ್ಲ. ಬಿಬಿಎಂಪಿಯ ಚುನಾಯಿತ ಕೌನ್ಸಿಲ್ ಅವಧಿ ಮುಗಿದಿದ್ದು 2020ರ ಸೆಪ್ಟೆಂಬರ್‌ನಲ್ಲಿ. ಚುನಾವಣೆ ಆಗುವ ತನಕ ಅಂತ ಆಡಳಿತಾಧಿಕಾರಿ ಬಂದರು. ಐದು ವರ್ಷ ಆಡಳಿತಾಧಿಕಾರಿಗಳೇ ಬದಲಾದರು, ಚುನಾವಣೆ ಬರಲಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿಯೇ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಮತ್ತು ಐದು ಪಾಲಿಕೆಗಳು ಬಂದವು.

ಅದಕ್ಕೇ ಅನುಭವಿಗಳು ಎರಡು ಕೆಲಸ ಒಟ್ಟಿಗೆ ಶುರು ಮಾಡಿ ಅನ್ನುತ್ತಾರೆ. ಹಂಗಾಮಿ ಬಂದ ವಾರವೇ ಕಾಯಂ ಹುದ್ದೆಯ ಹುಡುಕಾಟವೂ ಶುರುವಾಗಬೇಕು. ಆ ಹುದ್ದೆಗೆ ಹಂಗಾಮಿಯೇ ಅರ್ಜಿ ಹಾಕಬಹುದಾ ಅನ್ನುವುದನ್ನೂ ಮೊದಲೇ ಮಾತಾಡಿಕೊಳ್ಳಬೇಕು. ಹಾಕಬಹುದು ಅಂತಾದರೆ, ಕುರ್ಚಿ ಉಳಿಸಿಕೊಳ್ಳುವ ಆಸೆಗೆ ಕಹಿ ನಿರ್ಧಾರಗಳನ್ನು ಅವರು ಮುಂದೂಡಬಹುದು.

ಹೋಗುವ ದಿನ

ಪೀಣ್ಯದ ಕಂಪನಿಗೆ ಹೊಸ ಫೈನಾನ್ಸ್ ಹೆಡ್ ಸಿಕ್ಕಿದ್ದಾರೆ. ಮೇಡಂ ಮತ್ತು ಅವರು ಎರಡು ವಾರ ಒಟ್ಟಿಗೆ ಕೂರುತ್ತಾರೆ. 13 ವಾರದ ಹಾಳೆ ಈಗ ಹೊಸಬರ ಕಂಪ್ಯೂಟರಿಗೆ ಬಂದಿದೆ, ಪ್ರತಿ ಸೋಮವಾರ ಒಂದು ವಾರ ಕಳೆದು ಇನ್ನೊಂದು ಸೇರಿಸಬೇಕು. ಮುಗಿಯದೆ ಉಳಿದ ಕೆಲಸಗಳ ಪಟ್ಟಿ ಒಂದೂವರೆ ಪುಟ ಇದೆ. ಅದರಲ್ಲಿ ಯಾವ ಗಿರಾಕಿ ಎಷ್ಟು ಬಾಕಿ, ಯಾರಿಗೆ ಫೋನ್ ಮಾಡಿದರೆ ದುಡ್ಡು ಬರುತ್ತದೆ ಅನ್ನುವುದೂ ಇದೆ.

ಕೊನೆಯ ದಿನ ಮಂಡಳಿ ಇನ್ನೊಂದು ನಿರ್ಣಯ ಮಾಡುತ್ತದೆ. ಬ್ಯಾಂಕಿಗೆ ಪತ್ರ ಹೋಗುತ್ತದೆ, ಪೋರ್ಟಲ್‌ನಲ್ಲಿ ಹೆಸರು ಬದಲಾಗುತ್ತದೆ. ಮೇಡಂ ತಮ್ಮ ಟೋಕನ್ ತೆಗೆದು ಪರ್ಸಿಗೆ ಹಾಕಿಕೊಳ್ಳುತ್ತಾರೆ. ಅಕೌಂಟ್ಸ್ ಹುಡುಗ ಡ್ರಾಯರ್ ತೆಗೆದು ನೋಡುತ್ತಾನೆ. ಒಂದು ಸ್ಟೇಪ್ಲರ್, ಎರಡು ಹಳೇ ಪೆನ್ನು, ಒಂದು ರಬ್ಬರ್ ಬ್ಯಾಂಡ್.